ಲವಾಸಿಯೆ ದಂಪತಿಯ ಚಿತ್ರ ಮತ್ತು ಅದನ್ನು ಬರೆದ ದಾವಿದ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನ ವಿಜ್ಞಾನ ಪುಸ್ತಕದಲ್ಲಿ ಆಮ್ಲಜನಕದ ಪಾಠದ ಪಕ್ಕಕ್ಕೆ ಅಂಚೆಚೀಟಿಯಷ್ಟು ದೊಡ್ಡದೊಂದು ಕಪ್ಪುಬಿಳುಪು ಚಿತ್ರವಿತ್ತು. ಪೌಡರು ಹಾಕಿದ ಕೂದಲಿನ ಫ್ರೆಂಚ್ ಗೃಹಸ್ಥನೊಬ್ಬ ಕತ್ತು ತಿರುಗಿಸಿ ಮೇಲಕ್ಕೆ ನೋಡುತ್ತಿದ್ದ. ಯಾರನ್ನು ನೋಡುತ್ತಿದ್ದಾನೆ ಅಂತ ಗೊತ್ತಾಗುತ್ತಿರಲಿಲ್ಲ, ಚಿತ್ರ ಅಲ್ಲಿಗೇ ಮುಗಿದಿತ್ತು. ಆದರೆ ಅವನ ಹೆಗಲ ಮೇಲೆ ಯಾರದೋ ಬೆರಳು ಉಳಿದುಬಿಟ್ಟಿದ್ದವು. ಇದು ಯಾರ ಕೈ ಅಂತ ಮೇಷ್ಟ್ರನ್ನು ಕೇಳಿದ್ದಕ್ಕೆ, "ಪರೀಕ್ಷೆಗೆ ಬರಲ್ಲ, ಬಿಡು" ಅಂದಿದ್ದರು. ಇಡೀ ಚಿತ್ರವನ್ನು ಬಣ್ಣದಲ್ಲಿ ನೋಡಿದ್ದು ಎಷ್ಟೋ ವರ್ಷಗಳ ಮೇಲೆ. ಅಲ್ಲಿಂದ ಈಚೆಗೆ ಗೆಳೆಯರು, ವಿದ್ಯಾರ್ಥಿಗಳು ಈ ಚಿತ್ರದ ಬಗ್ಗೆ ಕೇಳಿದ್ದನ್ನೆಲ್ಲ ಒಂದೆಡೆ ಸೇರಿಸಿದ್ದೇನೆ.

ಯಾವ ಚಿತ್ರದ ಮಾತು ಇದು?

ಝಾಕ್ ಲೂಯಿ ದಾವಿದ್ 1788ರಲ್ಲಿ ಪ್ಯಾರಿಸ್ಸಿನಲ್ಲಿ ಬರೆದ ತೈಲಚಿತ್ರ. ಚಿತ್ರದಲ್ಲಿರುವವರು ರಸಾಯನಶಾಸ್ತ್ರಜ್ಞ ಆಂತ್ವಾನ್ ಲೋರಾನ್ ಲವಾಸಿಯೆ ಮತ್ತು ಅವನ ಹೆಂಡತಿ ಮಾರಿ ಆನ್. ಎತ್ತರ 259.7 ಸೆಂಟಿಮೀಟರ್, ಅಗಲ 194.6 ಸೆಂಟಿಮೀಟರ್. ಅಂದರೆ ಎಂಟೂವರೆ ಅಡಿ ಎತ್ತರ, ನಮ್ಮ ಮನೆಗಳ ಬಾಗಿಲಿಗಿಂತ ದೊಡ್ಡದು. ಚಿತ್ರದೊಳಗಿನ ಗಂಡ ಹೆಂಡತಿ ಹೆಚ್ಚುಕಡಿಮೆ ನಿಜವಾದ ಆಳಿನಷ್ಟೇ ಇದ್ದಾರೆ. ಈಗ ಅದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿದೆ.

ಡೇವಿಡ್ಡೋ ದಾವಿದ್ದೋ? ಲೆವಾಸಿಯರ್ರೋ ಲವಾಸಿಯೆಯೋ?

ಫ್ರೆಂಚರ ಬಾಯಲ್ಲಿ ಕೊನೆಯ 'ರ್' ಕೇಳಿಸುವುದಿಲ್ಲ, 'ಡೇ' ಅನ್ನುವುದು 'ದಾ' ಆಗುತ್ತದೆ. ಇಲ್ಲಿ ಅದಕ್ಕೆ ಹತ್ತಿರವಾಗಿ ದಾವಿದ್, ಲವಾಸಿಯೆ ಎಂದೇ ಬರೆದಿದ್ದೇನೆ. ಪಠ್ಯಪುಸ್ತಕದಲ್ಲಿ ಬೇರೆ ಥರ ಇದ್ದರೆ ಪರೀಕ್ಷೆಯಲ್ಲಿ ಆ ಥರವೇ ಬರೆಯಿರಿ.

ಚಿತ್ರದಲ್ಲಿ ಏನೇನಿದೆ? ಎಲ್ಲಿಂದ ನೋಡಲು ಶುರುಮಾಡಬೇಕು?

ಕಣ್ಣುಗಳಿಂದ ಶುರುಮಾಡಿ. ಲವಾಸಿಯೆ ಮೇಜಿನ ಮುಂದೆ ಕೂತಿದ್ದಾನೆ, ಒಂದು ಕೈಯಲ್ಲಿ ಗರಿಲೇಖನಿ, ಇನ್ನೊಂದು ಕೈ ಕೆನ್ನೆಗೆ ಆನಿಸಿದೆ. ಬರೆಯುತ್ತಿದ್ದವನು ನಿಲ್ಲಿಸಿ ತಲೆಯೆತ್ತಿ ಹೆಂಡತಿಯನ್ನು ನೋಡುತ್ತಿದ್ದಾನೆ. ಆಕೆ ಅವನನ್ನು ನೋಡುತ್ತಿಲ್ಲ. ಅವನ ಹೆಗಲ ಮೇಲೆ ಕೈಯೂರಿ, ನಿಂತಲ್ಲಿಂದ ನೇರವಾಗಿ ನಮ್ಮನ್ನೇ ನೋಡುತ್ತಿದ್ದಾಳೆ. ಚಿತ್ರದಲ್ಲಿ ಅತಿ ಹೆಚ್ಚು ಬೆಳಕು ಬಿದ್ದಿರುವುದೂ ಆಕೆಯ ಮೇಲೆಯೇ. ಬಿಳಿ ಮಸ್ಲಿನ್ ಉಡುಪು, ಸೊಂಟಕ್ಕೆ ನೀಲಿ ಪಟ್ಟಿ, ಇಳಿಬಿಟ್ಟ ಗುಂಗುರು ಕೂದಲು. ಗಂಡನ ಮೈಮೇಲೆ ಪೂರ್ತಿ ಕಪ್ಪು.

ಮೇಜಿಗೆ ಹಾಸಿದ ಕೆಂಪು ಮಖಮಲ್ ಬಟ್ಟೆ ನೆಲದವರೆಗೂ ಇಳಿದಿದೆ. ಅದರಡಿಯಿಂದ ಲವಾಸಿಯೆಯ ಒಂದು ಕಾಲು, ಕಪ್ಪು ಕಾಲುಚೀಲ ಮತ್ತು ಬಕಲ್ ಇರುವ ಬೂಟಿನ ಸಮೇತ, ಚಿತ್ರಕ್ಕೆ ಅಡ್ಡಲಾಗಿ ಹೊರಚಾಚಿದೆ. ಆ ಕಾಲು ಇಲ್ಲದಿದ್ದರೆ ಚಿತ್ರ ಬರೀ ನೆಟ್ಟಗೆ ನಿಂತ ಗೆರೆಗಳಾಗಿ ಬಿಗಿದುಕೊಂಡುಬಿಡುತ್ತಿತ್ತು. ಮೇಜಿನ ಮೇಲೆ ಅನಿಲ ಅಳೆಯುವ ಗ್ಯಾಸೋಮೀಟರ್, ಬ್ಯಾರೋಮೀಟರ್, ಗಾಜಿನ ಗಂಟೆಜಾಡಿ, ಹರಡಿದ ಹಾಳೆಗಳು. ಕೆಳಗೆ ನೆಲದ ಮೇಲೆ ದೊಡ್ಡದೊಂದು ದುಂಡನೆಯ ಗಾಜಿನ ಬುರುಡೆ, ಪಕ್ಕದಲ್ಲಿ ಹಿತ್ತಾಳೆ ನಲ್ಲಿ. ಚಿತ್ರದ ಇನ್ನೊಂದು ತುದಿಯಲ್ಲಿ, ಕುರ್ಚಿಯ ಮೇಲೆ ದಪ್ಪನೆಯ ಒಂದು ಫೈಲು ಇದೆ. ಅದರಲ್ಲಿರುವುದು ಚಿತ್ರಗಳು. ಅದು ಮಾರಿ ಆನ್‌ಳದು. ಹೆಚ್ಚಿನವರು ಗಾಜನ್ನು ನೋಡಿ ಹಾಗೇ ಮುಂದೆ ಹೋಗುತ್ತಾರೆ. ಆ ಫೈಲನ್ನು ತಪ್ಪಿಸಿಕೊಳ್ಳಬೇಡಿ, ಅದರ ಮಾತು ಮುಂದೆ ಬರುತ್ತದೆ.

ಇದನ್ನು ಕುಟುಂಬದ ಚಿತ್ರ ಅನ್ನಬಹುದೇ? ಮಕ್ಕಳೆಲ್ಲಿ?

ಮಕ್ಕಳಿರಲಿಲ್ಲ. ಇಬ್ಬರದೇ ಸಂಸಾರ. ಆ ಕಾಲದ ಸಿರಿವಂತರು ಮನೆಯ ಹಜಾರದಲ್ಲಿ ತೂಗುಹಾಕಲೆಂದು ಬರೆಸುತ್ತಿದ್ದ ಕುಟುಂಬ ಚಿತ್ರಗಳ ಜಾತಿಯದ್ದೇ ಇದು. ನಮಗೆ ಈ ಭಂಗಿ ಹೊಸದೂ ಅಲ್ಲ. ಹಳೇ ಸ್ಟುಡಿಯೋ ಫೋಟೋಗಳನ್ನು ನೆನಪಿಸಿಕೊಳ್ಳಿ: ಕುರ್ಚಿಯಲ್ಲಿ ಅಜ್ಜ, ಪಕ್ಕದಲ್ಲಿ ನಿಂತ ಅಜ್ಜಿ, ಹಿಂದೆ ಪರದೆಯ ಮೇಲೆ ಬರೆದ ಕಂಬ. ಯುರೋಪಿನ ಸಿರಿವಂತರ ಚಿತ್ರಗಳಿಂದ ಯುರೋಪಿನ ಫೋಟೋ ಸ್ಟುಡಿಯೋಗೆ, ಅಲ್ಲಿಂದ ನಮ್ಮ ಪೇಟೆಬೀದಿಯ ಸ್ಟುಡಿಯೋಗೆ ಬಂದ ಅಭ್ಯಾಸ ಅದು. ವ್ಯತ್ಯಾಸ ಒಂದೇ. ನಮ್ಮ ಫೋಟೋಗಳಲ್ಲಿ ಅಜ್ಜಿಯ ಕೈ ಕುರ್ಚಿಯ ಅಂಚಿನ ಮೇಲೆ ಅಳುಕುತ್ತಾ ಕೂತಿರುತ್ತದೆ. ಮಾರಿ ಆನ್ ಗಂಡನ ಹೆಗಲನ್ನೇ ಕಟ್ಟೆ ಮಾಡಿಕೊಂಡು ಆರಾಮಾಗಿ ಒರಗಿದ್ದಾಳೆ.

ವಿಜ್ಞಾನಿ ಅಂತೀರಿ, ಸಿರಿವಂತ ಕುಲೀನ ಅಂತಲೂ ಅಂತೀರಿ. ಯಾವುದು ಸರಿ?

ಎರಡೂ. ಕುಲೀನ ಪದವಿ ಹುಟ್ಟಿನಿಂದ ಬಂದದ್ದಲ್ಲ. ಅಪ್ಪ ವಕೀಲ, ಅನುಕೂಲಸ್ಥ. 1770ರ ದಶಕದಲ್ಲಿ ದುಡ್ಡು ತೆತ್ತು ಕೊಂಡ ಪದವಿ ಮಗನಿಗೆ ಬಂತು. ಆಗಿನ ಫ್ರಾನ್ಸಿನಲ್ಲಿ ಇದು ಮಾಮೂಲಿ ವ್ಯವಹಾರ. ಸಂಪಾದನೆ ಬಂದದ್ದು ರಸಾಯನಶಾಸ್ತ್ರದಿಂದ ಅಲ್ಲ, ತೆರಿಗೆಯಿಂದ. ಫ್ರಾನ್ಸಿನ ದೊರೆ ಉಪ್ಪು, ಹೊಗೆಸೊಪ್ಪು, ಪಟ್ಟಣ ಪ್ರವೇಶದ ಸುಂಕ ಇವುಗಳ ವಸೂಲಿಯನ್ನು ಒಂದು ಖಾಸಗಿ ಕೂಟಕ್ಕೆ ಗುತ್ತಿಗೆ ಕೊಟ್ಟಿದ್ದ. ಕೂಟದವರು ದೊರೆಗೆ ಮುಂಗಡ ಕಟ್ಟುವುದು, ಆಮೇಲೆ ಜನರಿಂದ ವಸೂಲು ಮಾಡಿ ಮಿಕ್ಕಿದ್ದನ್ನು ಹಂಚಿಕೊಳ್ಳುವುದು. ನಮ್ಮ ಹಳೇ ಮಾತಿನಲ್ಲಿ ಹೇಳುವುದಾದರೆ ಇಜಾರೆ, ಅವರು ಇಜಾರದಾರರು. ಲವಾಸಿಯೆ 1768ರಲ್ಲಿ ಅದರಲ್ಲಿ ಪಾಲು ಕೊಂಡ. ಮಾರಿ ಆನ್‌ಳ ಅಪ್ಪ ಝಾಕ್ ಪೋಲ್ಜ್ ಕೂಡ ಅಂಥದೇ ಇಜಾರದಾರ. ಐವತ್ತರ ಆಸುಪಾಸಿನ ಕೌಂಟ್ ಒಬ್ಬ ಮಗಳನ್ನು ಕೇಳಿ ಬಂದಾಗ, ಅವನಿಂದ ತಪ್ಪಿಸಲು ಪೋಲ್ಜ್ ಆಕೆಯನ್ನು ಲವಾಸಿಯೆಗೆ ಕೊಟ್ಟ. ಮದುವೆ ಆದದ್ದು 1771ರ ಡಿಸೆಂಬರ್ 16ರಂದು. ವರನಿಗೆ 28, ವಧುವಿಗೆ 13.

ಪ್ಯಾರಿಸ್ಸಿಗೆ ಕಳ್ಳಮಾಲು ನುಗ್ಗುವುದನ್ನು ತಡೆಯಲು ಊರಿನ ಸುತ್ತ ಗೋಡೆ ಕಟ್ಟಬೇಕೆಂಬ ಸಲಹೆ ಕೊಟ್ಟವನೂ ಲವಾಸಿಯೆಯೇ. 1784ರಿಂದ ಅದು ಎದ್ದಿತು, ಸುಮಾರು 24 ಕಿಲೋಮೀಟರ್, ಅಲ್ಲಲ್ಲಿ ಸುಂಕದ ಕಟ್ಟೆಗಳು. ಬೆಂಗಳೂರಿನ ಸುಂಕದಕಟ್ಟೆಯಲ್ಲಿ ಈಗ ಉಳಿದಿರುವುದು ಹೆಸರು ಮಾತ್ರ, ಪ್ಯಾರಿಸ್ಸಿನಲ್ಲಿ ಮಾತ್ರ ನಿಜವಾಗಿಯೂ ಕಾವಲುಗಾರ ನಿಂತು ಗಾಡಿ ತಪಾಸಣೆ ಮಾಡುತ್ತಿದ್ದ. ಪ್ಯಾರಿಸ್ಸಿನ ಜನಕ್ಕೆ ಆ ಗೋಡೆ ಕಂಡರೆ ಮೈಯೆಲ್ಲ ಉರಿ.

ನವ ಅಭಿಜಾತ ಶೈಲಿ ಅಂದರೇನು? ಈ ಚಿತ್ರದಲ್ಲಿ ಅದು ಎಲ್ಲಿದೆ?

18ನೇ ಶತಮಾನದ ಮಧ್ಯದಲ್ಲಿ ಇಟಲಿಯ ಹರ್ಕ್ಯುಲೇನಿಯಂ, ಪಾಂಪೆ ಊರುಗಳ ಉತ್ಖನನ ನಡೆದು, ಗ್ರೀಕ್ ಮತ್ತು ರೋಮನ್ ಕಲೆಯ ಹುಚ್ಚು ಯುರೋಪಿಗೆ ಹಿಡಿಯಿತು. ಅದಕ್ಕೆ ಮುಂಚಿನ ರೊಕೊಕೊ ಶೈಲಿಯ ಗುಲಾಬಿ ಮೋಡ, ಬಳುಕು ಗೆರೆಗಳಿಗೆ ಬೇಸತ್ತವರು ನೇರ ಗೆರೆ, ಸ್ಪಷ್ಟ ಅಂಚು, ಮಿತವಾದ ಬಣ್ಣ, ಗಂಭೀರ ವಸ್ತು ಬೇಕು ಅಂದರು. ಈ ನಿಯೋಕ್ಲಾಸಿಕಲ್ ರೀತಿಗೆ ಕನ್ನಡದಲ್ಲಿ ನವ ಅಭಿಜಾತ ಎನ್ನುವ ರೂಢಿಯಿದೆ. ಇಲ್ಲಿ ಹಿಂದಿನ ಗೋಡೆಯನ್ನು ನೋಡಿ: ಖಾಲಿ, ಬಣ್ಣ ಮಂದ, ಗೋಡೆಗಂಟಿದ ಅಭಿಜಾತ ಕಂಬಗಳು ಬಿಟ್ಟರೆ ಅಲಂಕಾರವಿಲ್ಲ. ಹೆಂಡತಿಯ ಭಂಗಿ ಕವಿಗೆ ಸ್ಫೂರ್ತಿ ಕೊಡುವ ಗ್ರೀಕ್ ದೇವತೆಯದು.

ದಾವಿದ್ ಎಂಥ ಮನುಷ್ಯ?

ಛಲಗಾರ. ಸ್ವಲ್ಪ ಅಪಾಯಕಾರಿ ಕೂಡ. 1748ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ. ಸುಮಾರು ಒಂಬತ್ತು ವರ್ಷದವನಿದ್ದಾಗ ಅಪ್ಪ ದ್ವಂದ್ವಯುದ್ಧದಲ್ಲಿ ಸತ್ತ. ರೋಮಿಗೆ ಹೋಗಿ ಕಲಿಯುವ ಸರ್ಕಾರಿ ಬಹುಮಾನಕ್ಕೆ ಮತ್ತೆ ಮತ್ತೆ ಸ್ಪರ್ಧಿಸಿ ಸೋತ, ಒಮ್ಮೆಯಂತೂ ಸೋತ ಬೇಸರಕ್ಕೆ ಉಪವಾಸ ಬಿದ್ದು ಸಾಯಲು ಹೊರಟಿದ್ದ. ಕಡೆಗೆ 1774ರಲ್ಲಿ ಗೆದ್ದ. ಮುಖದ ಒಂದು ಪಕ್ಕ ಗಡ್ಡೆಯಿದ್ದು ಮಾತು ತೊದಲುತ್ತಿತ್ತು, ಕುಂಚ ಮಾತ್ರ ತೊದಲುತ್ತಿರಲಿಲ್ಲ. 1785ರ ಪ್ಯಾರಿಸ್ ಕಲಾಪ್ರದರ್ಶನದಲ್ಲಿ ಹೊರೇಷಿ ಸೋದರರ ಪ್ರತಿಜ್ಞೆಯ ಚಿತ್ರ ತೋರಿಸಿದ ಮೇಲೆ ಫ್ರಾನ್ಸಿನಲ್ಲಿ ಅವನಿಗೆ ಸಾಟಿಯೇ ಇಲ್ಲ ಎಂಬಂತಾಯಿತು. 1787ರಲ್ಲಿ ವಿಷದ ಬಟ್ಟಲಿಗೆ ಕೈಚಾಚುವ ಸಾಕ್ರೆಟಿಸ್. ಅದರ ಬೆನ್ನಿಗೇ ಲವಾಸಿಯೆ ದಂಪತಿ. ಸಾಕ್ರೆಟಿಸ್ ಚಿತ್ರವೂ ಈಗ ಅದೇ ನ್ಯೂಯಾರ್ಕ್ ಮ್ಯೂಸಿಯಂನಲ್ಲಿದೆ, ಹೋದವರು ಎರಡನ್ನೂ ನೋಡಿ ಬನ್ನಿ.

2021ರಲ್ಲಿ ಈ ಚಿತ್ರದ ಗುಟ್ಟು ರಟ್ಟಾಯಿತಂತೆ. ಏನದು?

ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಪ್ರಶ್ನೆ ಇದೇ, ಉತ್ತರ ಉದ್ದವಾದರೆ ಕ್ಷಮಿಸಿ.

2019ರಲ್ಲಿ ಚಿತ್ರವನ್ನು ಗೋಡೆಯಿಂದ ಇಳಿಸಿ ಮ್ಯೂಸಿಯಂನ ಸಂರಕ್ಷಣಾ ವಿಭಾಗಕ್ಕೆ ಒಯ್ದರು. ಮೇಲೆ ಬಳಿದಿದ್ದ ಹಳೇ ವಾರ್ನಿಷ್ ಮಂಕಾಗಿತ್ತು, ಅದನ್ನು ತೆಗೆಯುವುದಷ್ಟೇ ಕೆಲಸ. ಸಂರಕ್ಷಣಾ ತಜ್ಞೆ ಡೊರೊಥಿ ಮಾಹೊನ್ ಒರೆಸುತ್ತಾ ಹೋದ ಹಾಗೆ, ಇರಬಾರದ ಜಾಗದಲ್ಲಿ ಕೆಂಪು ಬಣ್ಣದ ಚುಕ್ಕೆಗಳು ಇಣುಕಿದವು. ವಿಜ್ಞಾನಿ ಸಿಲ್ವಿಯಾ ಸೆಂಟೆನೊ ಮತ್ತು ಸಂಗಡಿಗರು ಚಿತ್ರಕ್ಕೆ ಎಕ್ಸ್‌ರೇ ಪ್ರತಿದೀಪ್ತಿ ಪರೀಕ್ಷೆ ಮಾಡಿದರು. ಇದರ ಕೆಲಸ ಹೀಗೆ: ಎಕ್ಸ್‌ರೇ ಬಿದ್ದಾಗ ಒಂದೊಂದು ಮೂಲವಸ್ತುವೂ ತನ್ನದೇ ಗುರುತಿನ ಕಿರಣ ಬಿಡುತ್ತದೆ. ಪಾದರಸ ಸಿಕ್ಕಿದ ಕಡೆ ಇಂಗುಲಿಕದ ಕೆಂಪು ಇದೆ ಅಂತ ಅರ್ಥ, ಸೀಸ ಸಿಕ್ಕಿದರೆ ಬಿಳಿ, ಕಬ್ಬಿಣ ಸಿಕ್ಕಿದರೆ ಕಾವಿ ಕಂದು. ಬಿಂದು ಬಿಂದುವಾಗಿ ಇಡೀ ಚಿತ್ರ ಓದಿ ಒಂದೊಂದು ಮೂಲವಸ್ತುವಿಗೂ ಒಂದೊಂದು ನಕ್ಷೆ ತಯಾರಿಸುತ್ತಾರೆ, ಮೇಲಿನ ಪದರದಡಿ ಹೂತುಹೋದದ್ದೂ ಅದರಲ್ಲಿ ಕಾಣುತ್ತದೆ. ಲವಾಸಿಯೆ 1789ರ ತನ್ನ ಪುಸ್ತಕದಲ್ಲಿ 33 ಮೂಲವಸ್ತುಗಳ ಪಟ್ಟಿ ಕೊಟ್ಟಿದ್ದಾನೆ. ಪಾದರಸ, ಸೀಸ, ಕಬ್ಬಿಣ ಮೂರೂ ಅದರಲ್ಲಿವೆ. ತನ್ನ ಪಟ್ಟಿಯ ಕೈಗೇ ಸಿಕ್ಕಿಬಿದ್ದ ಹಾಗಾಯಿತು!

ಕೆಳಗೆ ಸಿಕ್ಕಿದ್ದು ಬೇರೆಯೇ ಚಿತ್ರ. ಮಾರಿ ಆನ್‌ಳ ತಲೆಯ ಮೇಲೆ ರಿಬ್ಬನ್ನು, ಕೃತಕ ಹೂಗಳಿಂದ ತುಂಬಿದ ದೊಡ್ಡ ಟೋಪಿ. ಅದು 1787ರಲ್ಲಿ ಬಂದ 'ತಾರಾರ್' ಎಂಬ ಸಂಗೀತ ನಾಟಕದ ಹೆಸರಿನಲ್ಲಿ ಪ್ಯಾರಿಸ್ಸಿನಲ್ಲಿ ಹಬ್ಬಿದ ಫ್ಯಾಷನ್. ಸಿನಿಮಾ ಗೆದ್ದ ವರ್ಷ ಅಂಗಡಿಗಳಲ್ಲಿ ನಾಯಕಿಯ ಹೆಸರಿನ ಸೀರೆ ಬರುತ್ತದಲ್ಲ, ಹಾಗೆ. ಲವಾಸಿಯೆಗೆ ಕಪ್ಪು ಉಡುಪಿನ ಬದಲು ಹಿತ್ತಾಳೆ ಗುಂಡಿಗಳ ಉದ್ದನೆಯ ಕಂದು ಕೋಟು. ಕೆಂಪು ಹೊದಿಕೆಯ ಕೆಳಗೆ ಚಿನ್ನದ ಮೆರುಗಿನ ಕಂಚಿನ ಅಲಂಕಾರವಿದ್ದ ಬೆಲೆಬಾಳುವ ಮೇಜು. ಹಿಂದೆ ಪುಸ್ತಕದ ಕಪಾಟು. ಗ್ಯಾಸೋಮೀಟರು, ಗಾಜಿನ ಬುರುಡೆ, ಇತರ ಉಪಕರಣಗಳು? ಒಂದೂ ಇರಲಿಲ್ಲ. ದಾವಿದ್ ಮೊದಲು ಬರೆದದ್ದು ವಿಜ್ಞಾನಿ ದಂಪತಿಯನ್ನಲ್ಲ, ಪ್ಯಾರಿಸ್ಸಿನ ಭಾರೀ ಕುಳ ಒಬ್ಬನನ್ನೂ ಅವನ ಹೆಂಡತಿಯನ್ನೂ.

ಹಾಗಾದರೆ ಯಾಕೆ ಬದಲಾಯಿಸಿದರು?

ನನ್ನ ಓದು ಇದು. 1788 ಅಂದರೆ ಖಜಾನೆ ದಿವಾಳಿ, ಆಗಸ್ಟ್‌ನಲ್ಲಿ ದೊರೆ ಮುಂದಿನ ವರ್ಷಕ್ಕೆ ಎಲ್ಲ ವರ್ಗಗಳ ಪ್ರತಿನಿಧಿಗಳ ಮಹಾಸಭೆ ಕರೆದದ್ದು, ಬೀದಿಬೀದಿಯಲ್ಲೂ ಇಜಾರದಾರರ ಮೇಲೆ ಬೈಗುಳ. ಅಂಥ ಹೊತ್ತಲ್ಲಿ ಚಿನ್ನದ ಮೆರುಗಿನ ಮೇಜು, ನಾಟಕದ ಟೋಪಿ ತೊಟ್ಟು ಎಂಟೂವರೆ ಅಡಿ ಎತ್ತರಕ್ಕೆ ನಿಲ್ಲುವುದು ಜಾಣತನವಲ್ಲ. ಟೋಪಿ ಫ್ಯಾಷನ್ ಕೂಡ ಒಂದೇ ವರ್ಷಕ್ಕೆ ಹಳಸುತ್ತದೆ. ಇನ್ನೊಂದು ಕಡೆಯಿಂದ ನೋಡಿದರೆ, ಇದೇ ಹೊತ್ತಿಗೆ ಲವಾಸಿಯೆಯ ಹೊಸ ರಸಾಯನಶಾಸ್ತ್ರದ ಪುಸ್ತಕ ಅಚ್ಚಿಗೆ ಸಿದ್ಧವಾಗುತ್ತಿತ್ತು, ಅದರಲ್ಲಿ ಗಂಡ ಹೆಂಡತಿ ಇಬ್ಬರದೂ ಕೆಲಸವಿತ್ತು. ಮೇಜನ್ನು ಬಟ್ಟೆ ಹೊದಿಸಿ ಮುಚ್ಚಿ, ಅದರ ಮೇಲೆ ಗಾಜು ಇಟ್ಟರು. ನಾವೀಗ 'ವಿಜ್ಞಾನದ ಸರಳ ಜೀವನ' ಅಂತ ಮೆಚ್ಚುವ ಭಾಗವೆಲ್ಲ ಹೊದಿಕೆಯ ಮೇಲಿನದು, ದುಡ್ಡು ಹೊದಿಕೆಯ ಕೆಳಗಿದೆ. ಆದರೆ ಹೊದಿಕೆಯನ್ನು ಸುಳ್ಳು ಅನ್ನಲಾರೆ. ಉಪಕರಣಗಳೂ ಅವರವೇ, ಆ ದುಡ್ಡಿನಿಂದಲೇ ಮಾಡಿಸಿದವು.

ದಾವಿದ್‌ಗೆ ಎಷ್ಟು ಕೊಟ್ಟರು?

7,000 ಲಿವ್ರ್ (ಆಗಿನ ಫ್ರೆಂಚ್ ಹಣ), 1788ರ ಡಿಸೆಂಬರ್ 16ರಂದು. ಪ್ಯಾರಿಸ್ಸಿನ ಕೂಲಿಯವನಿಗೆ ದಿನಕ್ಕೆ ಸಿಗುತ್ತಿದ್ದದ್ದು ಒಂದು, ಒಂದೂವರೆ ಲಿವ್ರ್. ಹತ್ತು ವರ್ಷಕ್ಕೂ ಮೀರಿದ ದುಡಿಮೆ ಅಂತ ಲೆಕ್ಕ ಹಾಕಿ. ತಾರೀಖನ್ನು ಗಮನಿಸಿದಿರಾ? ಅವರ ಮದುವೆಯ ದಿನ.

ಮಾರಿ ಆನ್ ಬರೀ ಪಕ್ಕದಲ್ಲಿ ನಿಂತವಳೇ?

ಕುರ್ಚಿಯ ಮೇಲಿನ ಫೈಲಿಗೆ ವಾಪಸ್ ಬರೋಣ. ಗಂಡನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆಕೆ ಇಂಗ್ಲಿಷ್ ಕಲಿತು ಬ್ರಿಟನ್ನಿನ ರಸಾಯನಶಾಸ್ತ್ರದ ಬರಹಗಳನ್ನು ಅನುವಾದಿಸಿ ಕೊಡುತ್ತಿದ್ದಳು. ಆಗ ಎಲ್ಲರೂ ನಂಬಿದ್ದು, ಉರಿಯುವ ವಸ್ತುವಿನಲ್ಲಿ ಫ್ಲೋಜಿಸ್ಟನ್ ಎಂಬುದಿರುತ್ತದೆ, ಉರಿದಾಗ ಅದು ಹೊರಹೋಗುತ್ತದೆ ಎಂದು. ಅದನ್ನು ಸಮರ್ಥಿಸಿ ಐರ್ಲೆಂಡಿನ ರಿಚರ್ಡ್ ಕರ್ವನ್ ಬರೆದ ಪುಸ್ತಕವನ್ನು ಆಕೆ 1788ರಲ್ಲಿ ಫ್ರೆಂಚಿಗೆ ತಂದಳು. ಎದುರಾಳಿಯ ಪುಸ್ತಕವನ್ನೇ ಯಾಕೆ? ಅಧ್ಯಾಯ ಅಧ್ಯಾಯಕ್ಕೂ ಲವಾಸಿಯೆ ಮತ್ತು ಗೆಳೆಯರ ಖಂಡನೆ ಸೇರಿಸಿ ಅಚ್ಚು ಹಾಕಿಸುವುದಕ್ಕೆ. ಪೂರ್ವಪಕ್ಷವನ್ನು ಪೂರ್ತಿ ಹೇಳಿ ಆಮೇಲೆ ಸಿದ್ಧಾಂತ ಹೇಳುವ ನಮ್ಮ ಶಾಸ್ತ್ರಿಗಳ ಪದ್ಧತಿ ಬಲ್ಲವರಿಗೆ ಇದು ಹೊಸದೆನಿಸದು.

ಚಿತ್ರ ಬರೆಯುವುದನ್ನು ಆಕೆ ಕಲಿತದ್ದು ದಾವಿದ್‌ನ ಹತ್ತಿರವೇ. 1789ರಲ್ಲಿ ಬಂದ ಲವಾಸಿಯೆಯ ಪುಸ್ತಕದ 13 ಚಿತ್ರಪುಟಗಳಲ್ಲಿರುವ ಉಪಕರಣಗಳನ್ನೆಲ್ಲ ಅಳತೆ ಹಿಡಿದು ಬರೆದು, ತಾಮ್ರದ ತಗಡಿನ ಮೇಲೆ ಕೆತ್ತಿ, ಕೆಳಗೆ 'ಪೋಲ್ಜ್ ಲವಾಸಿಯೆ' ಎಂದು ತವರಿನ ಹೆಸರೂ ಸೇರಿಸಿ ರುಜು ಹಾಕಿದ್ದಾಳೆ. ಬೆಂಜಮಿನ್ ಫ್ರಾಂಕ್ಲಿನ್‌ನ ಭಾವಚಿತ್ರ ಬರೆದು ಅಮೆರಿಕಕ್ಕೆ ಕಳಿಸಿದ್ದೂ ಉಂಟು.

ನನಗೆ ಹೆಚ್ಚು ಹಿಡಿಸಿದ್ದು ಆಕೆ ಪ್ರಯೋಗಾಲಯದೊಳಗೇ ಬರೆದ ಎರಡು ಚಿತ್ರಗಳು. ಉಸಿರಾಟದ ಪ್ರಯೋಗ ನಡೆಯುತ್ತಿದೆ. ಲವಾಸಿಯೆಯ ಸಹಾಯಕ ಸೆಗಾಂ ಮುಖಕ್ಕೆ ಕವಚ ಹಾಕಿಕೊಂಡು ಕೊಳವೆಯಲ್ಲಿ ಉಸಿರಾಡುತ್ತಾ ಕೂತಿದ್ದಾನೆ, ಲವಾಸಿಯೆ ಏನೋ ಹೇಳುತ್ತಿದ್ದಾನೆ. ಒಂದು ಬದಿಯಲ್ಲಿ, ಎಲ್ಲರಿಂದ ಸ್ವಲ್ಪ ದೂರ, ಚಿಕ್ಕ ಮೇಜಿನ ಮುಂದೆ ಒಬ್ಬ ಹೆಂಗಸು ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾಳೆ. ಅದು ಆಕೆಯೇ. ಗುರು ಆಕೆಯನ್ನು ಗ್ರೀಕ್ ದೇವತೆಯ ಹಾಗೆ ನಿಲ್ಲಿಸಿದ, ಆಕೆ ತನ್ನನ್ನು ಲೇಖನಿ ಹಿಡಿಸಿ ಕೂರಿಸಿಕೊಂಡಳು.

1789ರ ಪ್ರದರ್ಶನದಲ್ಲಿ ಚಿತ್ರ ಯಾಕೆ ಇರಲಿಲ್ಲ? ಮೈಸೂರಿನ ಹೆಸರು ಇಲ್ಲೆಲ್ಲಿ ಬಂತು?

ಲವಾಸಿಯೆ ಸರ್ಕಾರದ ಮದ್ದುಗುಂಡು ಇಲಾಖೆಯ ಅಧಿಕಾರಿಯೂ ಹೌದು, ಗಂಡ ಹೆಂಡತಿ ವಾಸವಿದ್ದದ್ದೇ ಆರ್ಸೆನಲ್ ಎಂಬ ಆಯುಧಶಾಲೆಯಲ್ಲಿ. 1789ರ ಜುಲೈ 14ರಂದು ಬಾಸ್ತೀಯ್ ಕೋಟೆ ಬಿತ್ತು, ಫ್ರೆಂಚ್ ಕ್ರಾಂತಿ ಶುರುವಾಯಿತು. ಆಗಸ್ಟ್ ಮೊದಲ ವಾರ ಆರ್ಸೆನಲ್‌ನಿಂದ ಕೀಳು ದರ್ಜೆಯ ಮದ್ದನ್ನು ದೋಣಿಯಲ್ಲಿ ಸಾಗಿಸುವುದನ್ನು ಕಂಡ ಜನ, ಒಳ್ಳೇ ಮದ್ದನ್ನು ಶತ್ರುಗಳಿಗೆ ಕದ್ದು ಸಾಗಿಸುತ್ತಿದ್ದಾರೆ ಎಂದು ತಿಳಿದು ಲವಾಸಿಯೆಯನ್ನು ಹಿಡಿದು ಮುಗಿಸಿಯೇಬಿಡುವವರಿದ್ದರು. ಅದೇ ತಿಂಗಳ ಕೊನೆಗೆ ಕಲಾಪ್ರದರ್ಶನ. ಇಂಥವನ ಚಿತ್ರ ಗೋಡೆಯ ಮೇಲಿದ್ದರೆ ಗಲಾಟೆ ಖಂಡಿತ ಎಂದು ಅಧಿಕಾರಿಗಳು ಹಿಂದೆಗೆದರು. ಚಿತ್ರ ಮನೆಯಲ್ಲೇ ಉಳಿಯಿತು.

ಆ ಪ್ರದರ್ಶನದಲ್ಲಿ ಗೋಡೆಯೇರಿದ ಇನ್ನೊಂದು ದೊಡ್ಡ ಭಾವಚಿತ್ರ ನಮ್ಮವರದು. ಟಿಪ್ಪು ಸುಲ್ತಾನ್ ಬ್ರಿಟಿಷರ ವಿರುದ್ಧ ಫ್ರೆಂಚರ ಸಹಾಯ ಕೇಳಲು ಕಳಿಸಿದ ಮೂವರು ರಾಯಭಾರಿಗಳು 1788ರ ಬೇಸಿಗೆಯಲ್ಲಿ ಪ್ಯಾರಿಸ್ಸಿಗೆ ಬಂದಿದ್ದರು, ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ 16ನೇ ಲೂಯಿಯನ್ನು ಕಂಡರು. ಅವರಲ್ಲಿ ಮಹಮ್ಮದ್ ದರ್ವೇಶ್ ಖಾನ್‌ನನ್ನು ಎಲಿಜಬೆತ್ ವಿಜೆ ಲ ಬ್ರ್ಯೂನ್ ಎಂಬ ಕಲಾವಿದೆ ಆಳೆತ್ತರಕ್ಕೆ ಬರೆದಳು, ಹೂಬುಟ್ಟಾದ ಬಿಳಿ ಮಸ್ಲಿನ್ ಜಾಮಾ, ಕೈಯಲ್ಲಿ ಖಡ್ಗ. ಚಿತ್ರ ಖಾನ್ ಸಾಹೇಬರಿಗೆ ಎಷ್ಟು ಹಿಡಿಸಿತೆಂದರೆ ಹಾಸಿಗೆಯ ಹಿಂದೆ ಬಚ್ಚಿಟ್ಟುಕೊಂಡು, ಕೊಡಲೊಲ್ಲೆ ಅಂದರಂತೆ. ಕಲಾವಿದೆಯೇ ತನ್ನ ನೆನಪುಗಳಲ್ಲಿ ಬರೆದಿದ್ದಾಳೆ. ಮೈತ್ರಿ ಕೈಗೂಡಲಿಲ್ಲ, ರಾಯಭಾರಿಗಳು ಸೆವ್ರ್ ಪಿಂಗಾಣಿಯ ಉಡುಗೊರೆ ಹೊತ್ತು ವಾಪಸಾದರು. ಹೀಗೆ ದಾವಿದ್ ಲವಾಸಿಯೆ ದಂಪತಿಯನ್ನು ಬರೆದ ವರ್ಷವೇ ಅದೇ ಪ್ಯಾರಿಸ್ಸಿನಲ್ಲಿ ಮೈಸೂರಿನವರೂ ಚಿತ್ರ ಬರೆಸಿಕೊಳ್ಳುತ್ತಿದ್ದರು.

ದಾವಿದ್ ಅಷ್ಟು ದೊಡ್ಡ ಕ್ರಾಂತಿಕಾರಿ ಆಗಿದ್ದನಲ್ಲ, ಲವಾಸಿಯೆಯನ್ನು ಉಳಿಸಲಿಲ್ಲವೇ?

ಇಲ್ಲ. ದಾವಿದ್ ದೊರೆಯ ಮರಣದಂಡನೆಗೆ ಮತ ಹಾಕಿದವನು, 1793ರ ಸೆಪ್ಟೆಂಬರ್‌ನಿಂದ ಬಂಧನದ ಆಜ್ಞೆ ಹೊರಡಿಸುವ ಭದ್ರತಾ ಸಮಿತಿಯ ಸದಸ್ಯ. ಅದೇ ನವೆಂಬರ್‌ನಲ್ಲಿ ಇಜಾರದಾರರನ್ನೆಲ್ಲ ಬಂಧಿಸಲು ಆಜ್ಞೆ ಬಂತು. 1794ರ ಮೇ 8ರಂದು ವಿಚಾರಣೆ, ಅವತ್ತೇ ತೀರ್ಪು, ಅವತ್ತೇ ಗಿಲೊಟಿನ್. 28 ಜನ. ಅಳಿಯನಿಗಿಂತ ಮುಂಚೆ ಮಾವ ಪೋಲ್ಜ್‌ನ ಸರದಿ. ಮಾರಿ ಆನ್ ಒಂದೇ ದಿನ ಅಪ್ಪನನ್ನೂ ಗಂಡನನ್ನೂ ಕಳೆದುಕೊಂಡಳು. ಅವರ ಮೇಲಿನ ಆರೋಪಗಳಲ್ಲಿ ಹೊಗೆಸೊಪ್ಪಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದರು ಎಂಬುದೂ ಇತ್ತು.

ಲವಾಸಿಯೆಯನ್ನು ಪತ್ರಿಕೆಯಲ್ಲಿ ಹಿಗ್ಗಾಮುಗ್ಗಾ ಬೈದವರಲ್ಲಿ ಮುಂದಿದ್ದವನು ಕ್ರಾಂತಿಕಾರಿ ಪತ್ರಕರ್ತ ಮಾರಾ. ಬೆಂಕಿಯ ಬಗ್ಗೆ ಅವನು ಮಂಡಿಸಿದ್ದ ವಾದವನ್ನು ಹಿಂದೊಮ್ಮೆ ವಿಜ್ಞಾನ ಅಕಾಡೆಮಿ ತಳ್ಳಿಹಾಕಿತ್ತು, ಆ ಗಾಯ ಮಾಯಲೇ ಇಲ್ಲ. 1793ರಲ್ಲಿ ಮಾರಾ ಸ್ನಾನದ ತೊಟ್ಟಿಯಲ್ಲಿ ಕೊಲೆಯಾದಾಗ ಆ ಹೆಣವನ್ನು ಹುತಾತ್ಮನ ಹಾಗೆ ಬರೆದವನು ದಾವಿದ್. ಎರಡೂ ಚಿತ್ರಗಳನ್ನು ಒಟ್ಟಿಗಿಟ್ಟು ನೋಡಿ. ಎರಡರಲ್ಲೂ ಮೇಲ್ಭಾಗದಲ್ಲಿ ಖಾಲಿ ಗೋಡೆ, ಎರಡರಲ್ಲೂ ಕೈಯಲ್ಲಿ ಗರಿಲೇಖನಿ.

ಲವಾಸಿಯೆ ಸತ್ತ 80ನೇ ದಿನ ಕ್ರಾಂತಿಯ ನಾಯಕ ರೋಬ್ಸ್‌ಪಿಯರ್ ಅಧಿಕಾರದಿಂದ ಬಿದ್ದ. ನೀನು ವಿಷ ಕುಡಿದರೆ ನಾನೂ ಕುಡಿಯುತ್ತೇನೆ ಎಂದು ಅವನಿಗೆ ಮಾತು ಕೊಟ್ಟಿದ್ದ ದಾವಿದ್ ಅವತ್ತು ಹುಷಾರಿಲ್ಲವೆಂದು ಸಭೆಗೇ ಹೋಗಿರಲಿಲ್ಲ. ಜೈಲು ಕಂಡ, ಬದುಕಿದ, ಮುಂದೆ ನೆಪೋಲಿಯನ್‌ಗೆ ಚಿತ್ರ ಬರೆದ, ಕಡೆಗೆ ಗಡೀಪಾರಾಗಿ 1825ರಲ್ಲಿ ಬ್ರಸೆಲ್ಸ್‌ನಲ್ಲಿ ಸತ್ತ. ಸಾಕ್ರೆಟಿಸ್‌ನ ಚಿತ್ರ ಬರೆದವನಿಗೆ ಆ ಬಟ್ಟಲು ಬೇಕಾಗಲಿಲ್ಲ.

"ಗಣರಾಜ್ಯಕ್ಕೆ ವಿಜ್ಞಾನಿಗಳು ಬೇಕಿಲ್ಲ" ಎಂದು ನ್ಯಾಯಾಧೀಶ ಹೇಳಿದ್ದು ನಿಜವೇ?

ಆಮೇಲೆ ಕಟ್ಟಿದ ಮಾತು. ವಾಟ್ಸ್ಆ್ಯಪ್‌ನಲ್ಲಿ ಬಂದರೆ ಮುಂದೆ ಕಳಿಸಬೇಡಿ.

ಮಾರಿ ಆನ್ ಮುಂದೆ ಏನಾದಳು?

ಆಕೆಯೂ ಕೆಲವು ವಾರ ಸೆರೆಮನೆಯಲ್ಲಿದ್ದಳು. ಹೊರಬಂದ ಮೇಲೆ ಜಪ್ತಿಯಾಗಿದ್ದ ಪುಸ್ತಕ, ಉಪಕರಣಗಳನ್ನು ಹಟ ಹಿಡಿದು ಬಿಡಿಸಿಕೊಂಡಳು, ಗಂಡನ ಕೊನೆಯ ಪ್ರಬಂಧಗಳನ್ನು ಅಚ್ಚು ಮಾಡಿಸಿದಳು. ಆ ಉಪಕರಣಗಳಲ್ಲಿ ಬಹುಪಾಲು ಈಗ ಪ್ಯಾರಿಸ್ಸಿನ ಆರ್ಟ್ಸ್ ಎ ಮೆತಿಯೆ ಮ್ಯೂಸಿಯಂನಲ್ಲಿವೆ. 1805ರಲ್ಲಿ ಇನ್ನೊಬ್ಬ ವಿಜ್ಞಾನಿ ಕೌಂಟ್ ರಮ್‌ಫೋರ್ಡ್‌ನನ್ನು ಮದುವೆಯಾದಳು, ಲವಾಸಿಯೆ ಎಂಬ ಹೆಸರು ಮಾತ್ರ ಬಿಡಲಿಲ್ಲ. ಆ ಸಂಸಾರ ನಾಲ್ಕೇ ವರ್ಷ. ಆಕೆ ಕರೆದಿದ್ದ ಅತಿಥಿಗಳು ಒಳಗೆ ಬರದ ಹಾಗೆ ರಮ್‌ಫೋರ್ಡ್ ಗೇಟಿಗೆ ಬೀಗ ಹಾಕಿಸಿದ, ಆಕೆ ಹೋಗಿ ಅವನು ಮುದ್ದಿನಿಂದ ಬೆಳೆಸಿದ್ದ ಹೂಗಿಡಗಳಿಗೆ ಕುದಿಯುವ ನೀರು ಸುರಿದಳು. 1836ರಲ್ಲಿ, 78ನೇ ವಯಸ್ಸಿನಲ್ಲಿ ಸಾಯುವ ತನಕ ದಾವಿದ್‌ನ ಚಿತ್ರ ಆಕೆಯ ಹತ್ತಿರವೇ ಇತ್ತು.

ಆಮ್ಲಜನಕ ಎಂಬ ನಮ್ಮ ಮಾತಿಗೂ ಲವಾಸಿಯೆಗೂ ಸಂಬಂಧವಿದೆಯೇ?

ಇದೆ. ಗ್ರೀಕಿನಲ್ಲಿ 'ಆಕ್ಸಿಸ್' ಅಂದರೆ ಹುಳಿ, 'ಜೆನ್' ಅಂದರೆ ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರುತ್ತದೆಂದು ನಂಬಿ ಲವಾಸಿಯೆ ಕಟ್ಟಿದ ಹೆಸರು ಆಕ್ಸಿಜನ್. ಅದನ್ನೇ ನಾವು ಆಮ್ಲ, ಜನಕ ಎಂದು ಮಾಡಿಕೊಂಡೆವು. ಹಾಗೆಯೇ ನೀರು ಹುಟ್ಟಿಸುವ ಹೈಡ್ರೋಜನ್ ಜಲಜನಕ. ಆದರೆ ಮೊದಲನೆಯದು ತಪ್ಪು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕದ ಸುಳಿವೇ ಇಲ್ಲ, ಇರುವುದು ಜಲಜನಕ. ಇಂಗ್ಲಿಷಿನವರಿಗೆ ಗ್ರೀಕ್ ಗೊತ್ತಿಲ್ಲದ ಕಾರಣ ತಪ್ಪು ಕಣ್ಣಿಗೆ ಹೊಡೆಯುವುದಿಲ್ಲ, ನಮ್ಮಲ್ಲಿ ಮಕ್ಕಳಿಗೂ ಓದಲು ಬರುವ ಹಾಗೆ ಬರೆದಿದೆ.

ಚಿತ್ರ ನ್ಯೂಯಾರ್ಕಿಗೆ ಹೋದದ್ದು ಹೇಗೆ?

ಮಾರಿ ಆನ್ ತೀರಿಕೊಂಡ ಮೇಲೆ ಸಂಬಂಧಿಕರ ಮನೆತನಕ್ಕೆ ಬಂತು, 1920ರ ದಶಕದಲ್ಲಿ ಜಾನ್ ರಾಕ್‌ಫೆಲರ್ ಜೂನಿಯರ್ ಕೊಂಡು ನ್ಯೂಯಾರ್ಕಿನ ರಾಕ್‌ಫೆಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆಗೆ ಕೊಟ್ಟ. 1977ರಲ್ಲಿ ರೈಟ್ಸ್‌ಮನ್ ದಂಪತಿಯ ಕೊಡುಗೆಯಾಗಿ ಮ್ಯೂಸಿಯಂ ಸೇರಿತು.

ಶಾಲೆಯ ಪ್ರಾಜೆಕ್ಟಿಗೆ, ಲೇಖನಕ್ಕೆ ಚಿತ್ರ ಬಳಸಬಹುದೇ?

ಧಾರಾಳವಾಗಿ. ಹಕ್ಕುಸ್ವಾಮ್ಯದ ಗೊಡವೆಯಿಲ್ಲ. 2017ರಿಂದ ಮ್ಯೂಸಿಯಂ ತನ್ನ ಬಳಿಯಿರುವ ಇಂಥ ಹಳೇ ಚಿತ್ರಗಳ ಒಳ್ಳೇ ಪ್ರತಿಗಳನ್ನು ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಇಟ್ಟಿದೆ, ಯಾರನ್ನೂ ಕೇಳಬೇಕಾಗಿಲ್ಲ. ದೊಡ್ಡ ಪ್ರತಿಯನ್ನೇ ಇಳಿಸಿಕೊಳ್ಳಿ, ಕುರ್ಚಿಯ ಮೇಲಿನ ಫೈಲು ಚೆನ್ನಾಗಿ ಕಾಣುತ್ತದೆ. ಜಾಗ ಸಾಲದೆ ಕತ್ತರಿಸಲೇಬೇಕಾಗಿ ಬಂದರೆ ಮೇಲಿನ ಖಾಲಿ ಗೋಡೆಯನ್ನು ಕತ್ತರಿಸಿ. ಪಕ್ಕದಿಂದ ಕತ್ತರಿಸಿದರೆ ಆ ಬೆರಳುಗಳು ಹಾಗೇ ಉಳಿದುಕೊಳ್ಳುತ್ತವೆ, ಯಾರೋ ಒಬ್ಬ ಹುಡುಗ ಎದ್ದು ನಿಂತು ಇದು ಯಾರ ಕೈ ಅಂತ ಕೇಳುತ್ತಾನೆ.